ಒಗರಿನ ಬಟ್ಟಲು: ಸ್ಪೇನಿನ ಅಗ್ಗದ ಕೆಂಪು ದ್ರಾಕ್ಷಾರಸಗಳು

ದ್ರಾಕ್ಷಾರಸವನ್ನು ಕುರಿತು ಬರೆದವರಲ್ಲಿ ಎರಡು ಪಂಗಡಗಳುಂಟು. ಕುಡಿಯದೆಯೇ ಬರೆದವರದು ಮೊದಲನೆಯದು. ಮಹಾಕಾವ್ಯವೆಂದಮೇಲೆ ಅಷ್ಟಾದಶ ವರ್ಣನೆಗಳಿರಬೇಕು, ಅವುಗಳಲ್ಲಿ ಮಧುಪಾನವೂ ಒಂದು. ಆದುದರಿಂದ ಮದ್ಯವನ್ನು ವರ್ಜಿಸಿದ ವ್ರತನಿಷ್ಠ ಜೈನಕವಿಯೂ ಆ ಕಟ್ಟಳೆಯನ್ನು ಪೂರೈಸಿಯೇ ಮುಂದಿನ ಆಶ್ವಾಸಕ್ಕೆ ಹೋಗಬೇಕಾಗಿತ್ತು. ಕುಡಿದು ಬರೆಯುವ ಪಂಡಿತರದು ಎರಡನೆಯದು. ಇವರು ತೆರೆಯುವ ಒಂದು ಸೀಸೆಯ ಬೆಲೆಯಲ್ಲಿ ನಮ್ಮ ಹಳ್ಳಿಯ ಸಂಸಾರವೊಂದು ತಿಂಗಳು ಪೂರ್ತಿ ಉಣ್ಣಬಹುದು. ಇವರಿಬ್ಬರ ನಡುವೆ ಮೂರನೆಯವನೊಬ್ಬನಿಗೆ, ಅಗ್ಗದ್ದನ್ನು ಕೊಂಡು, ಊಟದೊಡನೆ ಒಂದು ಬಟ್ಟಲು ಕುಡಿದು, ತನಗೆ ತೋಚಿದ್ದನ್ನು ಗುರುತು ಹಾಕಿಕೊಳ್ಳುವ ಹವ್ಯಾಸಿಗೆ, ಸ್ವಲ್ಪ ಜಾಗ ದೊರೆತರೆ ಅನ್ಯಾಯವೇನೂ ಆಗಲಾರದು.

ಕೆಲಸದ ನಿಮಿತ್ತ ನಾನು ಎರಡು ಚಳಿಗಾಲಗಳನ್ನು ಸ್ಪೇನಿನ ಸಾರಗೋಸ ಪಟ್ಟಣದಲ್ಲಿ ಕಳೆದೆ. ಎಬ್ರೊ ನದಿಯ ದಂಡೆಯ ಮೇಲಿನ ಊರು ಅದು. ವಾರಕ್ಕೊಂದು ಸೀಸೆ, ಬೆಲೆ ೫ ಯೂರೋ ಮೀರಕೂಡದು, ಬಣ್ಣ ಕೆಂಪೇ ಆಗಿರಬೇಕು ಎಂಬುದು ನಾನೇ ಹಾಕಿಕೊಂಡ ನಿಯಮ. ಇದು ಪಾನದ ಪ್ರಶಂಸೆಯಲ್ಲ. ಕುಡಿಯದ ವಾಚಕರು ಇದನ್ನು ಒಂದು ಹಣ್ಣಿನ, ಒಂದು ನೆಲದ ಕಥೆಯೆಂದು ಓದಿಕೊಳ್ಳಬಹುದು.

ಸ್ಪೇನಿನಲ್ಲಿ ದ್ರಾಕ್ಷಿ ಬೆಳೆಯುವ ಭೂಮಿ ೯ ಲಕ್ಷ ಹೆಕ್ಟೇರಿಗೂ ಮಿಕ್ಕಿದೆ. ಲೋಕದ ಬೇರಾವ ದೇಶದಲ್ಲಿಯೂ ಇಷ್ಟು ವಿಸ್ತಾರವಾದ ದ್ರಾಕ್ಷಿಯ ನೆಲವಿಲ್ಲ. ಅಲ್ಲಿನ ಸಾಮಾನ್ಯ ಭೋಜನಶಾಲೆಗಳಲ್ಲಿ ಮಧ್ಯಾಹ್ನ ನಿಗದಿಯಾದ ಬೆಲೆಗೆ ಬಡಿಸುವ ಊಟದಲ್ಲಿ ರೊಟ್ಟಿಯ ಹಾಗೆಯೇ ದ್ರಾಕ್ಷಾರಸವೂ ಅನೇಕ ವೇಳೆ ಸೇರಿರುತ್ತದೆ. ನಮ್ಮಲ್ಲಿ ಮಜ್ಜಿಗೆಗೆ ಇರುವ ಸ್ಥಾನ ಅಲ್ಲಿ ಅದಕ್ಕಿದೆ. ಮಜ್ಜಿಗೆಯನ್ನು ಯಾರೂ ವಿಮರ್ಶಿಸುವುದಿಲ್ಲ. ಆದರೆ ಹುಳಿ ಹೆಚ್ಚಾದರೆ ಮನೆಯಲ್ಲಿ ಎಲ್ಲರಿಗೂ ತಿಳಿಯುತ್ತದೆ.

ರುಚಿಯನ್ನು ಬರೆಯಲು ಕುಳಿತವನಿಗೆ ಎದುರಾಗುವ ಮೊದಲ ತೊಡಕು ಮಾತಿನದು. ಪಂಡಿತರು ಕೆಂಪು ದ್ರಾಕ್ಷಾರಸದಲ್ಲಿ ಚೆರಿಯನ್ನೂ ಪ್ಲಮ್ಮನ್ನೂ ಕಾಣುತ್ತಾರೆ. ಮಲೆನಾಡಿನಲ್ಲಿ ಬೆಳೆದ ನನ್ನ ನಾಲಗೆಗೆ ಆ ಹಣ್ಣುಗಳ ಬಾಲ್ಯದ ಪರಿಚಯವಿಲ್ಲ. ಆದರೆ ಆ ಪಾನೀಯದ ಜೀವಾಳವಾದ ಗುಣವೊಂದಕ್ಕೆ ಕನ್ನಡದಲ್ಲಿ ಸೊಗಸಾದ ಶಬ್ದವಿದೆ: ಒಗರು. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟುಗಳಿಂದ ಬರುವ ಟ್ಯಾನಿನ್ ಎಂಬ ವಸ್ತು ನಮ್ಮ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರುತನವನ್ನು ಕಳೆಯುತ್ತದೆ. ಒಸಡು ಬಿಗಿದಂತೆ, ನಾಲಗೆ ತರಿಯಾದಂತೆ ಭಾಸವಾಗುತ್ತದೆ. ಪಾಶ್ಚಾತ್ಯ ವಿಜ್ಞಾನ ಇದನ್ನು ರುಚಿಯೆಂದು ಎಣಿಸದೆ ಸ್ಪರ್ಶದ ಕಡೆಗೆ ಸೇರಿಸುವುದುಂಟು. ನಮ್ಮ ಹಿರಿಯರು ಇದನ್ನು ಷಡ್ರಸಗಳಲ್ಲಿ ಒಂದಾಗಿಯೇ ಎಣಿಸಿದರು. ನೇರಳೆಹಣ್ಣು, ಎಳೆಯ ಮಾವಿನ ಮಿಡಿ, ಹಸಿ ಅಡಿಕೆ, ಬಾಳೆಯ ಕಾಯಿ ಇವುಗಳ ಒಗರು ಒಂದೇ ಬಗೆಯದಲ್ಲವೆಂದು ನಮ್ಮ ಹಳ್ಳಿಯ ಮಗುವೂ ಹೇಳೀತು. ಈ ನಾಲ್ಕು ಒಗರುಗಳನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಸ್ಪೇನಿನ ಅರ್ಧ ಭಾಗವನ್ನು ಸುತ್ತಿಬರಬಹುದು.

ಮೊದಲು ತೆಂಪ್ರನಿಯೊ. ಬೇಗ ಮಾಗುವ ಹಣ್ಣಾದುದರಿಂದ, ಬೇಗನೆ ಎಂಬ ಅರ್ಥದ ಸ್ಪ್ಯಾನಿಷ್ ಮಾತಿನಿಂದಲೇ ಅದಕ್ಕೆ ಹೆಸರು ಬಂದಿದೆ. ರಿಯೋಹ ಪ್ರಾಂತದ ಕೀರ್ತಿಗೆ ಕಾರಣವಾದ ದ್ರಾಕ್ಷಿ ಇದೇ. ೧೮೬೦ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರ ಎಂಬ ಹೇನಿನಂಥ ಕ್ರಿಮಿ ಫ್ರಾನ್ಸಿನ ಬಳ್ಳಿಗಳ ಬೇರನ್ನು ತಿಂದು ತೋಟಗಳನ್ನು ಹಾಳುಗೆಡವಿತು. ಆಗ ಬೋರ್ದೊ ನಗರದ ವರ್ತಕರು ಬೆಟ್ಟಗಳನ್ನು ದಾಟಿ ರಿಯೋಹಕ್ಕೆ ಬಂದರು. ಚಿಕ್ಕ ಓಕ್ ಪೀಪಾಯಿಗಳಲ್ಲಿ ರಸವನ್ನು ಹಣ್ಣುಮಾಡುವ ಅವರ ಪದ್ಧತಿ ಅಲ್ಲಿ ಬಲವಾಗಿ ಬೇರೂರಿತು. ಆ ಶತಮಾನ ಮುಗಿಯುವ ವೇಳೆಗೆ ಅದೇ ಕ್ರಿಮಿ ರಿಯೋಹವನ್ನೂ ಮುತ್ತಿತು. ಪೀಪಾಯಿ ಮಾತ್ರ ಉಳಿಯಿತು. ಸ್ಪೇನಿನವರು ಅದಕ್ಕೆ ಬಹುಕಾಲದಿಂದ ಅಮೆರಿಕದ ಓಕ್ ಮರವನ್ನೇ ಮೆಚ್ಚಿ ಬಳಸಿದ್ದಾರೆ. ಆ ಮರ ರಸಕ್ಕೆ ವೆನಿಲ್ಲದ ಕಂಪನ್ನೂ ಕೊಬ್ಬರಿಯ ಕಂಪನ್ನೂ ಕೊಡುತ್ತದೆ. ಕೊಬ್ಬರಿಯ ಗಿಟುಕು ಒಡೆದ ಅಡುಗೆಮನೆಯನ್ನು ಬಲ್ಲ ನಮಗೆ ಈ ವಾಸನೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ಸೀಸೆಯ ಹಿಂಬದಿಯ ಚೀಟಿಯಲ್ಲಿ ವಯಸ್ಸು ನಮೂದಾಗಿರುತ್ತದೆ. ‘ಹೋವೆನ್’ ಎಂದರೆ ಎಳೆಯದು. ‘ಕ್ರಿಯಾಂಸ’ ಎಂದರೆ ಕನಿಷ್ಠ ಎರಡು ವರ್ಷ ಕಳೆದದ್ದು. ರಿಯೋಹದಲ್ಲಾದರೆ ಅದರಲ್ಲಿ ಒಂದು ವರ್ಷ ಪೀಪಾಯಿಯ ವಾಸ. ‘ರೆಸೆರ್ವಾ’ಕ್ಕೆ ಮೂರು ವರ್ಷ, ‘ಗ್ರಾನ್ ರೆಸೆರ್ವಾ’ಕ್ಕೆ ಐದು. ರಿಯೋಹದ ಚೀಟಿಗಳಿಗೆ ಬಣ್ಣದ ಭೇದವೂ ಉಂಟು: ಎಳೆಯದಕ್ಕೆ ಹಸಿರು, ಕ್ರಿಯಾಂಸಕ್ಕೆ ಕೆಂಪು, ಗ್ರಾನ್ ರೆಸೆರ್ವಾಕ್ಕೆ ನೀಲಿ. ೫ ಯೂರೋ ಒಳಗೆ ನನಗೆ ಸಿಕ್ಕ ಕ್ರಿಯಾಂಸಗಳಲ್ಲಿ ಕೆಲವು ಮರದ ವಾಸನೆಯಲ್ಲಿಯೇ ಮುಳುಗಿಹೋಗಿದ್ದವು. ಆಭರಣದ ಭಾರಕ್ಕೆ ಮದುಮಗಳು ಕಾಣದಂತಾಗಿತ್ತು. ಅವಕ್ಕಿಂತ ಒಂದು ಯೂರೋ ಕಡಿಮೆಯ ಹೋವೆನ್ ನನಗೆ ಹಿಡಿಸಿತು. ನೇರಳೆಯ ಬಣ್ಣ, ನೇರಳೆಯದೇ ಒಗರು, ಕೊನೆಯಲ್ಲಿ ಸ್ವಲ್ಪ ಹುಳಿ. ಬೇಳೆಯ ಗಟ್ಟಿಸಾರಿನೊಡನೆ ಹೊಂದಿಕೊಂಡಿತು.

ಇದೇ ತೆಂಪ್ರನಿಯೊ ದಕ್ಷಿಣದ ಲಾ ಮಾಂಚಾ ಬಯಲಿಗೆ ಬಂದರೆ ಸೆಂಸಿಬೆಲ್ ಎಂಬ ಹೆಸರನ್ನು ತಳೆಯುತ್ತದೆ. ಅಲ್ಲಿ ವಾಲ್ದೆಪೇನ್ಯಾಸ್ ಎಂಬ ಊರಿದೆ. ಬಂಡೆಗಳ ಕಣಿವೆ ಎಂದು ಆ ಹೆಸರಿನ ಅರ್ಥ. ಆಳೆತ್ತರವನ್ನು ಮೀರಿದ ಮಣ್ಣಿನ ಗುಡಾಣಗಳಲ್ಲಿ ರಸವನ್ನು ಹುದುಗಿಗೆ ಬಿಟ್ಟು ಕಾಪಿಡುವುದು ಆ ಕಡೆಯ ಹಳೆಯ ರೂಢಿ. ಈಗ ಬಹುಮಟ್ಟಿಗೆ ಉಕ್ಕಿನ ತೊಟ್ಟಿಗಳು ಬಂದಿವೆ. ಅಲ್ಲಿಂದ ಬಂದ ೩ ಯೂರೋ ಸೀಸೆಯೊಂದರಲ್ಲಿ ಒಗರು ಕಡಿಮೆ, ಬಿಸಿಲು ಹೆಚ್ಚು. ಬಿಸಿಲಿಗೆ ರುಚಿಯಿದೆಯೇ ಎಂದು ಕೇಳಬಹುದು. ಬಿಸಿಲು ಹೆಚ್ಚಿದಷ್ಟೂ ಹಣ್ಣಿನಲ್ಲಿ ಸಕ್ಕರೆ ಹೆಚ್ಚುತ್ತದೆ, ಆ ಸಕ್ಕರೆಯೇ ಮದ್ಯಸಾರವಾಗಿ ಗಂಟಲನ್ನು ಬೆಚ್ಚಗೆ ಮಾಡುತ್ತದೆ. ಇಂಥದನ್ನು ಕುಡಿಯುವ ಮುಂಚೆ ಅರ್ಧ ಗಂಟೆ ತಣ್ಣೀರಿನಲ್ಲಿ ಇಟ್ಟರೆ ಆ ಕಾವು ಇಳಿದು ಹಣ್ಣು ಮುಂದೆ ಬರುತ್ತದೆ.

ಆಗ್ನೇಯಕ್ಕೆ, ಮುರ್ಸಿಯಾ ಕಡೆಗೆ ಹೋದರೆ ಹುಮಿಯಾ. ಮೊನಾಸ್ತ್ರೆಲ್ ಅಲ್ಲಿನ ದ್ರಾಕ್ಷಿ. ಮಳೆ ವಿರಳ, ಬೇಸಗೆ ಉಗ್ರ. ಮರಳುನೆಲದಲ್ಲಿ ಫಿಲೊಕ್ಸೆರ ಕ್ರಿಮಿ ಸುಲಭವಾಗಿ ಸಂಚರಿಸಲಾರದು. ಆದುದರಿಂದ ಉಳಿದ ಯೂರೋಪೆಲ್ಲ ಅಮೆರಿಕದ ಬೇರಿಗೆ ತನ್ನ ಬಳ್ಳಿಯನ್ನು ಕಸಿಮಾಡಿ ಬದುಕಿದಾಗ, ಹುಮಿಯಾದ ಬಳ್ಳಿಗಳು ಸ್ವಂತ ಬೇರಿನ ಮೇಲೆಯೇ ನಿಂತಿದ್ದವು. ೧೯೮೯ರಲ್ಲಿ ಕ್ರಿಮಿ ಅಲ್ಲಿಗೂ ಕಾಲಿಟ್ಟಿತು. ಆದರೂ ಮರಳಿನ ಕೆಲವು ಹೊಲಗಳಲ್ಲಿ ಕಸಿಯಿಲ್ಲದ ಹಳೆಯ ಬಳ್ಳಿಗಳು ಇಂದಿಗೂ ಉಳಿದಿವೆ. ಮೊನಾಸ್ತ್ರೆಲ್‌ನ ರಸ ಮಸಿಯಂತೆ ಕಪ್ಪು. ನಾನು ಕುಡಿದದ್ದರಲ್ಲಿ ಆಲೆಮನೆಯ ಕೊಪ್ಪರಿಗೆಯ ತಳದ ವಾಸನೆಯಿತ್ತು, ಮೆಣಸಿನ ಕಾಳಿನ ಚುರುಕಿತ್ತು, ಒಗರು ಹಸಿ ಅಡಿಕೆಯದು. ಒಂದು ಬಟ್ಟಲಿಗೆ ಸಾಕೆನಿಸುವ ರಸ. ಅದು ಗುಣವೋ ದೋಷವೋ ಕುಡಿಯುವವನ ಸ್ವಭಾವಕ್ಕೆ ಸೇರಿದ್ದು.

ಕೊನೆಗೆ ನಾನಿದ್ದ ಆರಗೋನ್ ಸೀಮೆಯ ಗಾರ್ನಾಚ. ಸಾರಗೋಸದ ಸುತ್ತಲಿನ ಕಾರಿನ್ಯೇನಾ, ಕಲತಾಯೂದ್, ಕಾಂಪೊ ದೆ ಬೋರ್ಹಾ ಎಂಬ ಮೂರು ಕಡೆಗಳಲ್ಲಿಯೂ ಇದರದೇ ರಾಜ್ಯ. ಎಬ್ರೊ ಕಣಿವೆಯಲ್ಲಿ ಸಿಯೆರ್ಸೊ ಎಂಬ ಒಣ ಶೀತಗಾಳಿ ವಾಯವ್ಯದಿಂದ ದಿನಗಟ್ಟಲೆ ಬೀಸುತ್ತದೆ. ಹಳೆಯ ಗಾರ್ನಾಚ ಬಳ್ಳಿಗೆ ಚಪ್ಪರವಿಲ್ಲ, ತಂತಿಯ ಆಸರೆಯಿಲ್ಲ. ಮೊಣಕಾಲೆತ್ತರದ ಕುಳ್ಳು ಗಿಡವಾಗಿ, ಮುದುಕನ ಮುಷ್ಟಿಯಂಥ ಕಾಂಡದ ಮೇಲೆ ಒಂಟಿಯಾಗಿ ನಿಂತಿರುತ್ತದೆ. ವಯಸ್ಸಾದಂತೆ ಗೊನೆ ಕಡಿಮೆಯಾಗುತ್ತದೆ, ರಸ ಗಟ್ಟಿಯಾಗುತ್ತದೆ. ೪ ಯೂರೋ ೫೦ ಸೆಂಟಿಗೆ ಕೊಂಡ ಗಾರ್ನಾಚದ ಬಣ್ಣ ತಿಳಿ, ಒಗರು ಬಲುಮೆದು, ಪುನರ್ಪುಳಿಯ ಶರಬತ್ತನ್ನು ನೆನಪಿಗೆ ತರುವ ಹುಳಿಸಿಹಿ. ನುಂಗಿದ ಮೇಲೆ ಒಣಹುಲ್ಲಿನ ಕಂಪು.

ಈ ಕಲತಾಯೂದಿನ ಹತ್ತಿರದ ಬೆಲ್ಮೋಂತೆ ಎಂಬ ಹಳ್ಳಿಯಲ್ಲಿ ೧೬೦೧ರಲ್ಲಿ ಬಾಲ್ತಸಾರ್ ಗ್ರಾಸಿಯಾನ್ ಹುಟ್ಟಿದ. ರುಚಿ ಎಂಬ ನಾಲಗೆಯ ಮಾತನ್ನು ವಿವೇಕದ, ಕಲಾವಿಮರ್ಶೆಯ ಮಾತಾಗಿ ಯೂರೋಪಿಗೆ ಬಳಕೆಮಾಡಿಕೊಟ್ಟವರಲ್ಲಿ ಆ ಪಾದ್ರಿ ಪ್ರಮುಖನೆಂದು ತಿಳಿದವರು ಹೇಳುತ್ತಾರೆ. ಭರತಮುನಿ ಹಲವು ವ್ಯಂಜನಗಳ ಊಟದ ಹೋಲಿಕೆಯಿಂದ ನಾಟ್ಯರಸವನ್ನು ವಿವರಿಸಿದ್ದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಪೂರ್ವದಲ್ಲಾಗಲಿ ಪಶ್ಚಿಮದಲ್ಲಾಗಲಿ ಕಾವ್ಯಮೀಮಾಂಸೆ ಅಡುಗೆಮನೆಯಿಂದ ಸಾಲ ಪಡೆದಿದೆ.

ನಾನಿದ್ದ ಮನೆಯ ಒಡತಿ ಎಪ್ಪತ್ತು ದಾಟಿದ ಹೆಂಗಸು, ಕಾರಿನ್ಯೇನಾ ಕಡೆಯ ರೈತನ ಮಗಳು. ಒಂದು ಭಾನುವಾರ ಮೂರು ಸೀಸೆಗಳಿಗೆ ವೃತ್ತಪತ್ರಿಕೆ ಸುತ್ತಿ ಆಕೆಯ ಮುಂದಿಟ್ಟೆ. ಒಂದು ವಾಲ್ದೆಪೇನ್ಯಾಸಿನದು, ಒಂದು ಮೇಲೆ ಹೇಳಿದ ಗಾರ್ನಾಚ, ಇನ್ನೊಂದು ಅತಿಥಿಯೊಬ್ಬರು ತಂದಿದ್ದ, ಎರಡರ ಒಟ್ಟು ಬೆಲೆಯನ್ನೂ ಮೀರಿದ ರಿಯೋಹ ರೆಸೆರ್ವಾ. ಮೊದಲನೆಯದನ್ನು ಆಕೆ ನೀರು ಬೆರೆಸಿ ಕುಡಿಯಬಹುದೆಂದರು. ರೆಸೆರ್ವಾವನ್ನು ಮೂಸಿ, “ಇದು ಮದುವೆಗೆ ಬಂದ ನೆಂಟರ ಹಾಗಿದೆ. ತುಂಬ ಮರ್ಯಾದೆಯವರು, ಎರಡು ದಿನವಿದ್ದು ಹೋಗಬೇಕು” ಎಂದರು. ಗಾರ್ನಾಚವನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು, “ನಮ್ಮಪ್ಪನ ತೋಟದ್ದು ಹೀಗೆಯೇ ಇರುತ್ತಿತ್ತು” ಎಂದರು. ಆ ತೋಟ ಈಗ ಯಾರ ಕೈಯಲ್ಲಿದೆ ಎಂದು ಕೇಳಿದೆ. ಹಣ್ಣಿಗೆ ಬೆಲೆಯಿಲ್ಲದೆ, ೨೦೦೯ರಲ್ಲಿ ಸಹಾಯಧನ ಪಡೆದು ಅಣ್ಣ ಬಳ್ಳಿಗಳನ್ನೆಲ್ಲ ಕೀಳಿಸಿದನಂತೆ. “ಆ ವರ್ಷ ಒಲೆಗೆ ಬೇಕಾದಷ್ಟು ಕಟ್ಟಿಗೆಯಿತ್ತು. ಬಳ್ಳಿಯ ಕೆಂಡದಲ್ಲಿ ಸುಟ್ಟ ಕುರಿಮಾಂಸ ಬಹಳ ರುಚಿ, ನೋಡಿ” ಎಂದು ಹೇಳಿ ಬಟ್ಟಲನ್ನು ತೊಳೆಯಲು ಎದ್ದರು.

ಆ ಸಹಾಯಧನ ಯೂರೋಪಿಯನ್ ಒಕ್ಕೂಟದ್ದು. ದ್ರಾಕ್ಷಾರಸ ಅಗತ್ಯಕ್ಕಿಂತ ಹೆಚ್ಚಾಗಿ ಬೆಲೆ ಕುಸಿಯುತ್ತಿದೆಯೆಂದು, ೨೦೦೮ರ ಸುಧಾರಣೆಯಲ್ಲಿ, ಮೂರು ವರ್ಷಗಳೊಳಗೆ ೧,೭೫,೦೦೦ ಹೆಕ್ಟೇರುಗಳಷ್ಟು ತೋಟವನ್ನು ಕೀಳಿಸುವ ಯೋಜನೆ ಹಾಕಿದರು. ಕಿತ್ತದ್ದರಲ್ಲಿ ಸ್ಪೇನಿನ ಪಾಲು ದೊಡ್ಡದು. ಕಡಿಮೆ ಗೊನೆ ಬಿಡುವ ಮುದಿಬಳ್ಳಿಯನ್ನು, ಕಿಲೋ ಲೆಕ್ಕದಲ್ಲಿ ಹಣ್ಣು ಮಾರುವ ರೈತ ಏಕೆ ಉಳಿಸಿಕೊಳ್ಳಬೇಕು? ರುಚಿ ಇರುವುದು ಅದರಲ್ಲಿ, ಲಾಭ ಇರುವುದು ಬೇರೆಡೆಯಲ್ಲಿ. ಸ್ಪೇನಿನ ದ್ರಾಕ್ಷಾರಸದಲ್ಲಿ ದೊಡ್ಡದೊಂದು ಪಾಲು ಸೀಸೆಯನ್ನೇ ಕಾಣದೆ ಟ್ಯಾಂಕರ್ ಲಾರಿಗಳಲ್ಲಿ ಹೊರದೇಶಗಳಿಗೆ ಹೋಗುತ್ತದೆ. ೨೦೧೬ರ ಏಪ್ರಿಲ್ ತಿಂಗಳಲ್ಲಿ, ಈ ಅಗ್ಗದ ಸರಕಿನಿಂದ ತಮ್ಮ ಬಾಳು ಕೆಡುತ್ತಿದೆಯೆಂದು ಸಿಟ್ಟಿಗೆದ್ದ ಫ್ರಾನ್ಸಿನ ಬೆಳೆಗಾರರು, ಗಡಿಯ ಬಳಿ ಅಂಥ ಲಾರಿಗಳನ್ನು ತಡೆದು ಸಾವಿರಾರು ಲೀಟರುಗಳನ್ನು ರಸ್ತೆಗೆ ಹರಿಸಿದರು. ಹರಿಸಿದವರೂ ರೈತರು, ಹರಿದುಹೋದದ್ದೂ ರೈತರ ದುಡಿಮೆ.

ಸ್ಪೇನಿನ ಮಹಾಗ್ರಂಥವಾದ ‘ಡಾನ್ ಕಿಹೋಟೆ’ಯ ಎರಡನೆಯ ಭಾಗ ೧೬೧೫ರಲ್ಲಿ ಹೊರಬಂತು. ಅದರಲ್ಲಿ ಸ್ಯಾಂಚೊ ತನ್ನ ವಂಶದ ಇಬ್ಬರು ರುಚಿಗಾರರ ಕಥೆ ಹೇಳುತ್ತಾನೆ. ಒಂದೇ ಪೀಪಾಯಿಯ ರಸವನ್ನು ಒಬ್ಬ ನಾಲಗೆಯ ತುದಿಗೆ ಸೋಕಿಸಿ ಕಬ್ಬಿಣದ ರುಚಿಯಿದೆಯೆಂದ. ಇನ್ನೊಬ್ಬ ಬರಿಯ ಮೂಸಿನೋಡಿ ತೊಗಲಿನ ವಾಸನೆಯೆಂದ. ರಸ ಶುದ್ಧವಾಗಿದೆಯೆಂದು ಒಡೆಯ ಸಾಧಿಸಿದ. ಕಾಲಾಂತರದಲ್ಲಿ ಪೀಪಾಯಿಯನ್ನು ತೊಳೆದಾಗ ಅದರೊಳಗೆ ತೊಗಲಿನ ದಾರ ಕಟ್ಟಿದ ಒಂದು ಪುಟ್ಟ ಬೀಗದ ಕೈ ಸಿಕ್ಕಿತು. ಡೇವಿಡ್ ಹ್ಯೂಮ್ ೧೭೫೭ರಲ್ಲಿ ಅಭಿರುಚಿಯ ಪ್ರಮಾಣವನ್ನು ಚರ್ಚಿಸುವ ಪ್ರಬಂಧದಲ್ಲಿ ಈ ಕಥೆಯನ್ನೇ ಎತ್ತಿಕೊಂಡ. ಬಟ್ಟಲಿನಲ್ಲಿ ಇಲ್ಲದ್ದನ್ನು ಒಳ್ಳೆಯ ನಾಲಗೆ ಕಲ್ಪಿಸುವುದಿಲ್ಲ, ಇದ್ದದ್ದನ್ನು ಬಿಡುವುದಿಲ್ಲ ಎಂಬುದು ಅದರ ತಾತ್ಪರ್ಯ.

ನಮ್ಮ ಮನೆಯೊಡತಿ ಗಾರ್ನಾಚದಲ್ಲಿ ಕಂಡದ್ದು ಬೀಗದ ಕೈಯಂತೆ ಎತ್ತಿ ತೋರಿಸಬಹುದಾದ ವಸ್ತುವಲ್ಲ. ಆದರೆ ಆಕೆ ಚೀಟಿ ನೋಡಲಿಲ್ಲ, ಬೆಲೆ ಕೇಳಲಿಲ್ಲ. ಒಂದು ಬಗೆಯ ಹಣ್ಣು, ಒಂದು ಬಗೆಯ ಗಾಳಿ, ಮನೆಯವರ ದುಡಿಮೆ ಇವನ್ನು ಬಾಯಲ್ಲಿ ಗುರುತಿಸಿದರು. ಅಂಥ ಗುರುತು ಹಿಡಿಯಬಲ್ಲವರು ಇರುವವರೆಗೆ ಅಂಗಡಿಯ ಕೆಳಗಿನ ಹಲಗೆಯ ಸೀಸೆಗೂ ಕುಲಗೋತ್ರಗಳಿರುತ್ತವೆ. ಈಚೆಗೆ ಹಳೆಯ ಗಾರ್ನಾಚ ತೋಟಗಳನ್ನು ಹುಡುಕಿ, ಹಣ್ಣಿಗೆ ಹೆಚ್ಚಿನ ಬೆಲೆ ಕೊಟ್ಟು ಉಳಿಸಿಕೊಳ್ಳುವ ತಯಾರಕರು ಆ ಸೀಮೆಯಲ್ಲಿ ಕಾಣಿಸಿಕೊಂಡಿದ್ದಾರೆ. ಅವರ ಸೀಸೆಗಳು ನನ್ನ ೫ ಯೂರೋ ನಿಯಮವನ್ನು ಮೀರುತ್ತವೆ. ಮೀರಲಿ. ಮುಂದೆ ಆ ಕಡೆಗೆ ಹೋಗುವ ಹವ್ಯಾಸಿ ತನ್ನ ನಿಯಮಕ್ಕೆ ಇನ್ನೊಂದೆರಡು ಯೂರೋ ಸೇರಿಸಿಕೊಳ್ಳುವುದು ಲೇಸು. ಆ ಹೆಚ್ಚಿನ ಹಣದಲ್ಲಿ ಒಂದು ಪಾಲಾದರೂ ಗಾಳಿಯಲ್ಲಿ ನಿಂತು ಬಳ್ಳಿ ಸವರುವವನಿಗೆ ಮುಟ್ಟೀತು.