ಬಾವಿ ತೋಡಿದವರು ಯಾರು?

ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಪುಸ್ತಕ ಓದುವುದು ನಮ್ಮ ಮನೆಯ ರೂಢಿ. ಕಳೆದ ಮಳೆಗಾಲದಲ್ಲಿ ಲಾರಾ ಇಂಗಲ್ಸ್ ವೈಲ್ಡರ್ ಅವರ ಕಥೆ ಓದುತ್ತಿದ್ದೆವು. ಗಾಡಿಯಲ್ಲಿ ಅಮೆರಿಕದ ಹುಲ್ಲುಗಾವಲಿಗೆ ಬಂದ ಕುಟುಂಬವೊಂದು ಮರದ ದಿಮ್ಮಿಗಳಿಂದ ಮನೆ ಕಟ್ಟಿ, ಬಾವಿ ತೋಡಿ ಬದುಕಿದ ಕಥೆ.

"ಆ ಮನೆ ಈಗಲೂ ಇದೆಯಾ?" ಎಂದು ಕೇಳಿದಳು ಒಂಬತ್ತು ವರ್ಷದ ಮಗಳು.

ಮೂಲ ಮನೆ ಇಲ್ಲ. ಆದರೆ ಕಾನ್ಸಾಸ್ ರಾಜ್ಯದ ಇಂಡಿಪೆಂಡೆನ್ಸ್ ಪಟ್ಟಣದ ಹತ್ತಿರ ಆ ಜಾಗವನ್ನು ಗುರುತಿಸಿ, ಅಂಥದೇ ದಿಮ್ಮಿ ಮನೆ ಕಟ್ಟಿ ನಿಲ್ಲಿಸಿದ್ದಾರೆ. ಕೈಯಲ್ಲಿ ತೋಡಿದ ಹಳೆಯ ಬಾವಿಯೊಂದು ಅಲ್ಲಿದೆ. 'ಮೊದಲು ಬಂದು ನೆಲೆಸಿದವರ ಮನೆ ಇಲ್ಲಿತ್ತು' ಎಂದು ಹೇಳುವ ಫಲಕಗಳು ಅಮೆರಿಕದ ರಸ್ತೆ ಬದಿಯಲ್ಲಿ ಬಹಳ.

"ನಮ್ಮ ಹಳೆಮನೆಗೂ ಒಂದು ಬೋರ್ಡು ಹಾಕೋಣ" ಎಂದಳು.

ನಮ್ಮ ಊರು ಹೂಡೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸ್ವರ್ಣಾ ನದಿ. ಮಣ್ಣಿನ ಗೋಡೆಯ ಹಳೆಮನೆ ಬಿದ್ದು ವರ್ಷಗಳಾದವು. ಉಳಿದದ್ದು ಬಾವಿ ಮಾತ್ರ. ಅದನ್ನು ನನ್ನ ಮುತ್ತಜ್ಜ ತೋಡಿಸಿದ್ದೆಂದು ಎಲ್ಲರಿಗೂ ಹೇಳಿಕೊಂಡೇ ನಾನು ಬೆಳೆದವನು.

ಬೋರ್ಡು ಹೇಗಿರಬೇಕೆಂದು ನೋಡಲು ಒಂದು ಭಾನುವಾರ ಬಾರ್ಕೂರಿಗೆ ಹೋದೆವು. ಅದು ಆಳುಪ ಅರಸರ ರಾಜಧಾನಿಯಾಗಿದ್ದ ಊರು. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರ. ಮೂಡಕೇರಿ, ಕೋಟೆಕೇರಿ, ಮಣಿಗಾರಕೇರಿ ಎಂಬ ಹೆಸರುಗಳಲ್ಲಿ ಹಳೆಯ ಪಟ್ಟಣ ಇನ್ನೂ ಉಳಿದಿದೆ. ಶಾಸನದ ಕಲ್ಲುಗಳ ತುದಿಯಲ್ಲಿ ಸೂರ್ಯ, ಚಂದ್ರರನ್ನು ಕೆತ್ತುವುದು ವಾಡಿಕೆ. ಅವರಿಬ್ಬರು ಇರುವವರೆಗೆ ಈ ಮಾತು ನಿಲ್ಲಲಿ ಎಂದು ಅದರ ಅರ್ಥ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಭೂಮಿಯ ಗಡಿ ಯಾವುದು ಎಂಬುದನ್ನು ಅಂಥ ಕಲ್ಲುಗಳು ಹೇಳುತ್ತವೆ.

"ಅದಕ್ಕಿಂತ ಮುಂಚೆ ಅಲ್ಲಿ ಯಾರಿದ್ದರು ಅಂತ ಬರೆಯುವುದಿಲ್ವಾ?" ಎಂದಳು ಮಗಳು. ನನ್ನಲ್ಲಿ ಉತ್ತರವಿರಲಿಲ್ಲ.

ಬೋರ್ಡಿಗೆ ಇಸವಿ ಬೇಕಲ್ಲ ಎಂದು 86 ವರ್ಷದ ದೊಡ್ಡಮ್ಮನಿಗೆ ಫೋನ್ ಮಾಡಿದೆ. "ಬಾವಿ ಮುತ್ತಜ್ಜ ತೋಡಿಸಿದ್ದು ಯಾವಾಗ?"

"ಮುತ್ತಜ್ಜನಾ? ಯಾರು ಹೇಳಿದ್ದು?" ಎಂದರು ದೊಡ್ಡಮ್ಮ. "ಅಲ್ಲಿ ಮೊದಲು ಚಾಲಗೇಣಿಯ ಒಕ್ಕಲೊಂದಿತ್ತು. ಗಂಡಹೆಂಡತಿ ಇಬ್ಬರೇ ತೋಡಿದ ಬಾವಿ ಅದು. ಒಂದು ವರ್ಷ ಗೇಣಿ ಕೊಡಲಾಗಲಿಲ್ಲ. ಧಣಿ ಬಿಡಿಸಿದರು. ಆಮೇಲೆ ನಮ್ಮವರು ಹಿಡಿದದ್ದು. ಅವರ ಮಗ ಮುದುಕನಾದ ಮೇಲೂ ವರ್ಷಕ್ಕೊಮ್ಮೆ ಬಂದು ಒಂದು ಚೆಂಬು ನೀರು ಕುಡಿದು ಹೋಗುತ್ತಿದ್ದ."

ಗೇಣಿದಾರರಿಗೆ ಭೂಮಿಯ ಹಕ್ಕು ಕೊಟ್ಟ ಕಾನೂನು ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಅವರ ಪಾಲಿಗೆ ಅದು ಬಹಳ ತಡವಾಗಿತ್ತು.

ಇದನ್ನು ಮಗಳಿಗೆ ಹೇಳುವುದೋ ಬೇಡವೋ ಎಂದು ಎರಡು ದಿನ ಸುಮ್ಮನಿದ್ದೆ. ಕೊನೆಗೆ ಹೇಳಿದೆ. ಲಾರಾಳ ಮನೆಯ ಇನ್ನೊಂದು ಸಂಗತಿಯನ್ನೂ ಹೇಳಿದೆ. 1869ರಲ್ಲಿ ಅವಳ ಅಪ್ಪ ದಿಮ್ಮಿ ಮನೆ ಕಟ್ಟಿದ ನೆಲ ಓಸೇಜ್ ಎಂಬ ಮೂಲನಿವಾಸಿಗಳದ್ದು. 1871ರಲ್ಲಿ ಲಾರಾಳ ಕುಟುಂಬ ಅಲ್ಲಿಂದ ಹೊರಟಿತು. ಓಸೇಜ್ ಜನರೂ ಆ ನೆಲ ಬಿಟ್ಟು ಈಗಿನ ಒಕ್ಲಹೋಮಾಕ್ಕೆ ಹೋಗಬೇಕಾಯಿತು. ಪುಸ್ತಕದಲ್ಲೇ ಅವರು ಸಾಲಾಗಿ ಹೊರಟುಹೋಗುವ ದೃಶ್ಯವಿದೆ.

ಮಗಳು ಸ್ವಲ್ಪ ಹೊತ್ತು ಯೋಚಿಸಿದಳು. "ಹಾಗಾದರೆ 'ಮೊದಲು' ಅಂತ ಬರೆಯುವುದು ಬೇಡ."

ಹಳೆಮನೆಯ ಮಾಡಿನಿಂದ ಉಳಿದಿದ್ದ ಮಂಗಳೂರು ಹೆಂಚೊಂದನ್ನು ತೊಳೆದು ಒಣಗಿಸಿದೆವು. ಬಿಳಿ ಪೇಂಟಿನಲ್ಲಿ ಅವಳೇ ಬರೆದಳು. ಮೇಲೆ ಸೂರ್ಯ, ಚಂದ್ರ. ಕೆಳಗೆ ದೊಡ್ಡಮ್ಮ ನೆನಪಿಸಿಕೊಂಡ ಆ ಗಂಡಹೆಂಡತಿಯ ಹೆಸರು, 'ಈ ಬಾವಿ ತೋಡಿದವರು' ಎಂದು. ಅದರ ಕೆಳಗೆ ನಮ್ಮ ಮುತ್ತಜ್ಜ, ಮುತ್ತಜ್ಜಿಯ ಹೆಸರು, 'ಆಮೇಲೆ ಬಂದವರು' ಎಂದು.

ಹೆಂಚು ಈಗ ಬಾವಿಕಟ್ಟೆಯ ಮೇಲಿದೆ. ಕಳೆದ ವಾರ ನೋಡಲು ಬಂದ ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ, "ಒಂದು ಚೆಂಬು ತಾ" ಎಂದರು.