ಪಿಕಪ್ ಗಾಡಿಯ ಹಿಂಭಾಗ ತಗ್ಗಿಸುವ ಮುನ್ನ

ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದಲ್ಲಿ ತೊಗರಿಯ ರಾಶಿ ಮುಗಿದ ಮೇಲೆ ಚೀಲಗಳನ್ನು ಮಾರುಕಟ್ಟೆಗೆ ಸಾಗಿಸುವ ಕೆಲಸದಲ್ಲಿ ಎತ್ತಿನ ಗಾಡಿ, ಟ್ರ್ಯಾಕ್ಟರುಗಳ ಜೊತೆಗೆ ಪಿಕಪ್ ಎಂಬ ಸಣ್ಣ ಸರಕು ಗಾಡಿಯೂ ಈಗ ಸೇರಿದೆ. ಅದೇ ಗಾಡಿ ಮರಳಿ ಬರುವಾಗ ಗೊಬ್ಬರ ತರುತ್ತದೆ. ಮನೆ ಕಟ್ಟುವವರಿಗೆ ವಾಡಿ, ಸೇಡಂಗಳ ಸಿಮೆಂಟನ್ನೂ, ನಾವು ಫರಸಿ ಎನ್ನುವ ಶಹಾಬಾದಿನ ಹಾಸುಗಲ್ಲನ್ನೂ ಹೊರುತ್ತದೆ. ಗಾಡಿಯ ತಳ ಎತ್ತರವಾಗಿದೆ, ಚೀಲ ಎತ್ತಿ ಹಾಕುವುದು ಕಷ್ಟ, ತಿರುವಿನಲ್ಲಿ ಗಾಡಿ ಓಲಾಡುತ್ತದೆ ಎಂಬ ಕಾರಣಗಳಿಂದ ಅದರ ಹಿಂಭಾಗವನ್ನು ತಗ್ಗಿಸಬಹುದೇ, ತಗ್ಗಿಸಿದರೂ ಮೊದಲಿನಷ್ಟೇ ಭಾರ ಹೊರಬಹುದೇ ಎಂಬ ಪ್ರಶ್ನೆ ಏಳುವುದು ಸಹಜ.

ಬೇಸಾಯ ಶಾಸ್ತ್ರದವರಿಗೆ ಗಾಡಿಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ಡಿಸೆಂಬರ್-ಜನವರಿಯವರೆಗೆ ಹೊಲದಲ್ಲಿ ನಿಂತು, ಕಾಯಿಕೊರಕವನ್ನೂ ಸೊರಗು ರೋಗವನ್ನೂ ದಾಟಿ ಚೀಲ ಸೇರುತ್ತದೆ. ಅಂಥ ಬೆಳೆ ಕೊನೆಯ ಹಾದಿಯಲ್ಲಿ ರಸ್ತೆಯ ಪಕ್ಕ ಉರುಳಿದರೆ ಆರು ತಿಂಗಳ ದುಡಿಮೆ ಮಣ್ಣುಪಾಲು. ಗಾಡಿಯಲ್ಲಿ ಕುಳಿತವರ ಪ್ರಾಣದ ಮಾತು ಬೇರೆ. ಆದ್ದರಿಂದ ಈ ವಿಷಯವನ್ನು ಲೆಕ್ಕ ಹಾಕಿ ತಿಳಿದುಕೊಳ್ಳುವುದು ಒಳ್ಳೆಯದು.

ಭಾರ ಹೊರುವುದು ಯಾವುದು?

ಪಿಕಪ್ ಗಾಡಿಗಳ ಹಿಂದಿನ ಎಕ್ಸಲ್ಲಿನ ಎರಡೂ ಬದಿಗೆ ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದೆ. ಗ್ಯಾರೇಜಿನಲ್ಲಿ ಇವನ್ನು ಪ್ಲೇಟು ಎನ್ನುತ್ತಾರೆ. ಭಾರ ಬಿದ್ದಾಗ ಕಮಾನು ಚಪ್ಪಟೆಯಾಗುತ್ತ ಹೋಗಿ ಗಾಡಿಯ ಮೈ ಕೆಳಗಿಳಿಯುತ್ತದೆ. ಇಳಿಯಲು ಇರುವ ಜಾಗ ಮುಗಿದರೆ ಎಕ್ಸಲ್ಲು ಮೇಲಿನ ತಡೆ ರಬ್ಬರಿಗೆ ಬಡಿಯುತ್ತದೆ.

ಇಲ್ಲಿ ಎರಡು ಗುಣಗಳನ್ನು ಬೇರೆ ಬೇರೆಯಾಗಿ ಅರಿಯಬೇಕು. ಒಂದು, ಪ್ಲೇಟುಗಳ ಬಿಗಿ. ಅದು ಪ್ಲೇಟುಗಳ ಸಂಖ್ಯೆ, ಅಗಲ, ದಪ್ಪ, ಉದ್ದಗಳನ್ನು ಅವಲಂಬಿಸಿದೆ. ದಪ್ಪದ ಪ್ರಭಾವ ಬಹಳ ಹೆಚ್ಚು. 6 ಮಿ.ಮೀ. ಪ್ಲೇಟಿನ ಬದಲು 7 ಮಿ.ಮೀ. ಪ್ಲೇಟು ಹಾಕಿದರೆ ಬಿಗಿ ಸುಮಾರು ಒಂದೂವರೆ ಪಟ್ಟಿಗೂ ತುಸು ಹೆಚ್ಚಾಗುತ್ತದೆ. ಇನ್ನೊಂದು, ಕಮಾನಿನ ಬಾಗು. ಇದು ಬರಿಗಾಡಿ ಎಷ್ಟು ಎತ್ತರದಲ್ಲಿ ನಿಲ್ಲಬೇಕೆಂಬುದನ್ನು ನಿರ್ಧರಿಸುತ್ತದೆ. ಹಾಗಾದರೆ ಬಿಗಿಯನ್ನು ಹಾಗೆಯೇ ಇಟ್ಟು ಬಾಗನ್ನು ಮಾತ್ರ ಕಡಿಮೆ ಮಾಡಿದರೆ ಗಾಡಿ ತಗ್ಗುತ್ತದೆ, ಹೊರುವ ಶಕ್ತಿಯೂ ಉಳಿಯುತ್ತದೆ ಎಂದು ತೋರುತ್ತದೆ. ಈ ಮಾತು ಅರ್ಧ ಮಾತ್ರ ನಿಜ. ಉಳಿದ ಅರ್ಧವನ್ನು ಒಂದು ಲೆಕ್ಕದಿಂದ ನೋಡೋಣ.

ಒಂದು ಸರಳ ಲೆಕ್ಕ

ಒಂದು ಗಾಡಿಯಲ್ಲಿ 1,200 ಕಿ.ಗ್ರಾಂ. ತುಂಬಲು ಅನುಮತಿ ಇದೆ ಎನ್ನಿ. ಲೆಕ್ಕ ಸುಲಭವಾಗಲೆಂದು ಅಷ್ಟೂ ಭಾರ ಹಿಂದಿನ ಎಕ್ಸಲ್ಲಿನ ಮೇಲೆಯೇ ಬೀಳುತ್ತದೆಂದು ಇಟ್ಟುಕೊಳ್ಳೋಣ. ಒಂದೊಂದು ಬದಿಗೆ 600 ಕಿ.ಗ್ರಾಂ. ಆಯಿತು. ಪ್ಲೇಟುಗಳು ಪ್ರತಿ 60 ಕಿ.ಗ್ರಾಂ.ಗೆ 1 ಸೆಂ.ಮೀ. ಇಳಿಯುವಂಥವು, ಬರಿಗಾಡಿಯಲ್ಲಿ ತಡೆ ರಬ್ಬರಿನವರೆಗೆ ಇರುವ ಜಾಗ 13 ಸೆಂ.ಮೀ. ಎಂದಾದರೆ, ಪೂರ್ತಿ ಭಾರಕ್ಕೆ ಗಾಡಿ 10 ಸೆಂ.ಮೀ. ಇಳಿಯುತ್ತದೆ. ಉಳಿದ 3 ಸೆಂ.ಮೀ. ಗುಂಡಿಗಳಲ್ಲಿ ಕುಲುಕಾಟ ತಡೆಯಲು ಬೇಕಾದ ಜಾಗ.

ಈಗ ಇದೇ ಗಾಡಿಯನ್ನು 5 ಸೆಂ.ಮೀ. ತಗ್ಗಿಸಿದಿರಿ ಎನ್ನಿ. ಉಳಿಯುವ ಜಾಗ 8 ಸೆಂ.ಮೀ. ಮಾತ್ರ. ಒಂದು ಬದಿಗೆ 480 ಕಿ.ಗ್ರಾಂ. ಬೀಳುತ್ತಲೇ ಎಕ್ಸಲ್ಲು ರಬ್ಬರಿಗೆ ತಾಗುತ್ತದೆ. 1,200 ಕಿ.ಗ್ರಾಂ. ಹೊರುತ್ತಿದ್ದ ಗಾಡಿ ನಿಂತಲ್ಲಿಯೇ 960 ಕಿ.ಗ್ರಾಂ.ಗೆ ಸೋತಿತು. ಪ್ಲೇಟು ಮುರಿದಿಲ್ಲ, ಬಿಗಿ ಕುಗ್ಗಿಲ್ಲ. ಆದರೂ 50 ಕಿ.ಗ್ರಾಂ.ನ ಸುಮಾರು ಐದು ಚೀಲಗಳಷ್ಟು ಶಕ್ತಿ ಹೋಯಿತು. ಆಮೇಲೂ ಭಾರ ಹೇರಿದರೆ ರಸ್ತೆಯ ಪ್ರತಿ ಏಟೂ ನೇರವಾಗಿ ಚಾಸಿಗೆ ತಗಲುತ್ತದೆ.

ಮೊದಲಿನ 3 ಸೆಂ.ಮೀ. ಜಾಗ ಉಳಿಸಿಕೊಂಡೇ 1,200 ಕಿ.ಗ್ರಾಂ. ಹೊರಬೇಕಾದರೆ ಪ್ಲೇಟುಗಳ ಬಿಗಿಯನ್ನು ಎರಡು ಪಟ್ಟು ಮಾಡಬೇಕಾಗುತ್ತದೆ. ಆಗ ಬರಿಗಾಡಿ ಕಲ್ಲಿನಂತೆ ಗಡುಸಾಗುತ್ತದೆ. ಹಿಂದಿನ ಚಕ್ರಗಳು ನೆಲ ಬಿಟ್ಟು ಕುಪ್ಪಳಿಸುತ್ತವೆ, ಬ್ರೇಕ್ ಹಾಕಿದಾಗ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ತಗ್ಗಿಸಿದ ಲಾಭಕ್ಕಿಂತ ಈ ನಷ್ಟವೇ ದೊಡ್ಡದು.

ಅಮೆರಿಕದಲ್ಲಿ ಪಿಕಪ್ ಗಾಡಿಗಳನ್ನು ಹೀಗೆ ತಗ್ಗಿಸುವ ಹವ್ಯಾಸವಿದೆ. ಅಲ್ಲಿ ಎಕ್ಸಲ್ಲಿನ ಮೇಲಿನ ಚಾಸಿಯನ್ನು ಕಮಾನಿನಾಕಾರದಲ್ಲಿ ಕತ್ತರಿಸಿ ಬಲಪಡಿಸಿ ಜಾಗ ಮಾಡಿಕೊಳ್ಳುತ್ತಾರೆ. ಭಾರ ಬಿದ್ದಾಗ ಉಬ್ಬಿಸಲು ಗಾಳಿಚೀಲಗಳನ್ನೂ ಜೋಡಿಸುತ್ತಾರೆ. ಆದರೆ ಗಾಳಿಚೀಲ ಹಿಂಭಾಗವನ್ನು ಎತ್ತಿ ಹಿಡಿಯುತ್ತದೆಯೇ ಹೊರತು ಟೈರು, ಬೇರಿಂಗು, ಎಕ್ಸಲ್ಲು, ಬ್ರೇಕುಗಳ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ತಯಾರಕರು ಗೊತ್ತುಪಡಿಸಿದ ಭಾರ ಇವೆಲ್ಲವನ್ನೂ ಕೂಡಿಸಿ ಹೇಳಿದ್ದು.

ತಗ್ಗಿಸುವ ಅಡ್ಡದಾರಿಗಳು ಮತ್ತು ಅವುಗಳ ಕೇಡು

1. ಪ್ಲೇಟು ತೆಗೆಯುವುದು: ಗಾಡಿ ತಗ್ಗುತ್ತದೆ, ಜೊತೆಗೆ ಬಿಗಿಯೂ ಕುಗ್ಗುತ್ತದೆ. ಉಳಿದ ಪ್ಲೇಟುಗಳ ಮೇಲೆ ಒತ್ತಡ ಹೆಚ್ಚಿ ಮುರಿಯುವ ಸಂಭವವಿದೆ.

2. ಕುಲುಮೆಯಲ್ಲಿ ಕಾಯಿಸಿ ಬಾಗು ಇಳಿಸುವುದು: ಹದ ಮಾಡಿದ ಉಕ್ಕು ಅಂದಾಜಿಗೆ ಕಾಯಿಸಿದರೆ ಹದ ಕಳೆದುಕೊಳ್ಳುತ್ತದೆ. ಅದು ಬೇಗ ಕುಸಿಯುತ್ತದೆ ಇಲ್ಲವೆ ಬಿರುಕು ಬಿಡುತ್ತದೆ. ಪ್ಲೇಟಿಗೆ ಬೆಸುಗೆಯನ್ನಂತೂ ಹಾಕಲೇಬಾರದು.

3. ಎಕ್ಸಲ್ಲಿನ ಮೇಲಿರುವ ಪ್ಲೇಟುಗಳನ್ನು ಅದರ ಕೆಳಗೆ ಕಟ್ಟುವುದು: ಬಿಗಿ ಬದಲಾಗುವುದಿಲ್ಲ, ನಿಜ. ಆದರೆ ಗಾಡಿ ಸಾಮಾನ್ಯವಾಗಿ 10 ಸೆಂ.ಮೀ.ಗೂ ಹೆಚ್ಚು ಇಳಿದುಬಿಡುತ್ತದೆ. ಮೇಲಿನ ಲೆಕ್ಕದಂತೆ ಇಳಿಯುವ ಜಾಗವೇ ಉಳಿಯುವುದಿಲ್ಲ.

ಇವಲ್ಲದೆ ಕಣ್ಣಿಗೆ ಕಾಣದ ಇನ್ನೊಂದು ಅಪಾಯವಿದೆ. ಅನೇಕ ಪಿಕಪ್ ಗಾಡಿಗಳಲ್ಲಿ ಚಾಸಿ ಮತ್ತು ಹಿಂದಿನ ಎಕ್ಸಲ್ಲಿನ ನಡುವೆ ಒಂದು ಸರಳಿನಿಂದ ಜೋಡಿಸಿದ ಬ್ರೇಕ್ ವಾಲ್ವು ಇರುತ್ತದೆ. ಮೈ ಕೆಳಗಿಳಿದಿದ್ದರೆ ಗಾಡಿ ತುಂಬಿದೆ ಎಂದು ತಿಳಿದು ಅದು ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕ್ ಒತ್ತಡ ಕಳಿಸುತ್ತದೆ. ತಗ್ಗಿಸಿದ ಗಾಡಿ ಬರಿದಾಗಿದ್ದರೂ ಇದು ತುಂಬಿದೆಯೆಂದೇ ಭ್ರಮಿಸುತ್ತದೆ. ಮಳೆಯಲ್ಲಿ ನೆನೆದ ರಸ್ತೆಯಲ್ಲಿ, ಚಿಂಚೋಳಿಯ ಗುಡ್ಡದ ಇಳಿಜಾರಿನಲ್ಲಿ ಹಿಂದಿನ ಚಕ್ರ ಬಿಗಿಹಿಡಿದರೆ ಏನಾಗುವುದೆಂದು ನೀವೇ ಊಹಿಸಬಹುದು. ಹಿಂಭಾಗ ತಗ್ಗಿದರೆ ಮುಂದಿನ ದೀಪದ ಬೆಳಕೂ ಮೇಲೆದ್ದು ಎದುರಿನವರ ಕಣ್ಣು ಕುಕ್ಕುತ್ತದೆ.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಇಂಥ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಆರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ಗೊತ್ತುಪಡಿಸಿತು. ಮಿತಿ ಮೀರಿದ ಭಾರಕ್ಕೆ ರೂ. 20,000, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ ರೂ. 2,000 ದಂಡವನ್ನೂ ಸೇರಿಸಿತು. ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಲು ಮಾರ್ಪಡಿಸಿದ ಗಾಡಿಯೇ ದಾರಿ ಮಾಡಿಕೊಡುತ್ತದೆ.

ಗಾಡಿ ತಗ್ಗಿಸುವ ಬದಲು ಹೊರೆ ತಗ್ಗಿಸಿರಿ

ನಮಗೆ ಬೇಕಾದದ್ದು ಎರಡು: ಹೊರೆಯ ತೂಕ ನೆಲಕ್ಕೆ ಹತ್ತಿರವಿರಬೇಕು, ಚೀಲ ಎತ್ತುವ ಶ್ರಮ ಕಡಿಮೆಯಾಗಬೇಕು. ಇವೆರಡನ್ನೂ ಪ್ಲೇಟು ಮುಟ್ಟದೆಯೇ ಸಾಧಿಸಬಹುದು.

ಗಾಡಿಯ ತಳ ಸುಮಾರು 4 ಚದರ ಮೀಟರ್ ಇದ್ದರೆ 1,200 ಕಿ.ಗ್ರಾಂ. ತೊಗರಿ ಸಮನಾಗಿ ಹರಡಿದಾಗ ಸುಮಾರು 40 ಸೆಂ.ಮೀ. ಎತ್ತರ ಬರುತ್ತದೆ. ಅದನ್ನೇ ಅರ್ಧ ತಳದಲ್ಲಿ ಪೇರಿಸಿದರೆ 80 ಸೆಂ.ಮೀ. ಆಗುತ್ತದೆ. ಸಮನಾಗಿ ಹರಡಿದ ಹೊರೆಯ ತೂಕದ ಕೇಂದ್ರ 20 ಸೆಂ.ಮೀ. ಕೆಳಗೆ ಬರುತ್ತದೆ. ಪ್ಲೇಟು ತಗ್ಗಿಸಿ ಪಡೆಯುವ 5 ಸೆಂ.ಮೀ.ಗೆ ಇದು ನಾಲ್ಕು ಪಟ್ಟು, ಅದೂ ಖರ್ಚಿಲ್ಲದೆ.

ಎತ್ತರ ನೋಡಿ ತೂಕ ಅಳೆಯಬೇಡಿರಿ. ಅಷ್ಟೇ ತಳದಲ್ಲಿ 1,200 ಕಿ.ಗ್ರಾಂ. ಫರಸಿ ಕಲ್ಲನ್ನು ಮಲಗಿಸಿ ಜೋಡಿಸಿದರೆ 12 ಸೆಂ.ಮೀ. ಎತ್ತರವೂ ಬರುವುದಿಲ್ಲ. ಎರಡಡಿ ಚದರದ, ಒಂದು ಅಂಗುಲ ದಪ್ಪದ ಒಂದು ಕಲ್ಲು ಸುಮಾರು 25 ಕಿ.ಗ್ರಾಂ. ತೂಗುತ್ತದೆ. ಅಂಥ 48 ಕಲ್ಲುಗಳಿಗೆ ಮಿತಿ ಮುಗಿಯಿತು. ಗಾಡಿ ಖಾಲಿ ಕಂಡಿತೆಂದು ಇನ್ನಷ್ಟು ಹೇರುವುದೇ ಪ್ಲೇಟು ಮುರಿಯಲು ಮುಖ್ಯ ಕಾರಣವಾಗಬಹುದು. ಸಿಮೆಂಟಾದರೆ 24 ಚೀಲ, ಅಷ್ಟೇ.

ಇನ್ನು ಎತ್ತುವ ಶ್ರಮ. ಗಾಡಿಯ ತಳ 80 ಸೆಂ.ಮೀ. ಎತ್ತರದಲ್ಲಿದ್ದು ಅದನ್ನು 5 ಸೆಂ.ಮೀ. ತಗ್ಗಿಸಿದರೆ ಹಮಾಲಿಯ ಶ್ರಮ ನೂರಕ್ಕೆ ಆರರಷ್ಟು ಮಾತ್ರ ಕಡಿಮೆಯಾಗುತ್ತದೆ. ಅದರ ಬದಲು ಕಣದ ಅಂಚಿನಲ್ಲಿ ಗಾಡಿಯ ತಳದ ಮಟ್ಟಕ್ಕೆ ಒಂದು ಕಟ್ಟೆ ಕಟ್ಟಿರಿ. ಕಲ್ಲಿಗೆ ನಮ್ಮಲ್ಲಿ ಬರವಿಲ್ಲ. ತುಂಬುತ್ತ ಹೋದಂತೆ ಗಾಡಿ ಇಳಿಯುವುದರಿಂದ, ಬರಿಗಾಡಿಯ ಮತ್ತು ತುಂಬಿದ ಗಾಡಿಯ ತಳದ ಎತ್ತರಗಳನ್ನು ಅಳೆದು ಅವುಗಳ ನಡುವಿನ ಮಟ್ಟವನ್ನು ಕಟ್ಟೆಗೆ ಇಡಬೇಕು. ಕಟ್ಟೆಯ ಮೇಲೆ ಚೀಲ ಒಯ್ಯಲು ಒಂದು ಬದಿಗೆ ಇಳಿಜಾರು ಮಾಡಿ ಕೈಗಾಡಿ ಬಳಸಿರಿ.

ಕಟ್ಟೆಗೆ ಅನುಕೂಲವಿಲ್ಲದವರು ಹಿಂದಿನ ಚಕ್ರಗಳು ಇಳಿಯುವಂತೆ 30 ಸೆಂ.ಮೀ. ಆಳದ ತಗ್ಗು ಮಾಡಿಕೊಳ್ಳಬಹುದು. ಗಾಡಿ ಸಲೀಸಾಗಿ ಏರಿ ಬರಲು ಇಳಿಜಾರು ಎರಡೂವರೆ ಮೀಟರಿನಷ್ಟಾದರೂ ಉದ್ದವಿರಲಿ. ಎರೆಮಣ್ಣಿನಲ್ಲಿ ನೀರು ನಿಂತು ಚಕ್ರ ಹೂಳುವುದರಿಂದ ತಳಕ್ಕೆ ಮೊರಂ ಹಾಕಿ ಕಲ್ಲು ಹಾಸಿ, ನೀರು ಹರಿದುಹೋಗಲು ಕಾಲುವೆ ಬಿಡಿರಿ. ಗಾಡಿ ತಗ್ಗಬೇಕಾದದ್ದು ತುಂಬುವ ಅರ್ಧ ಗಂಟೆ ಮಾತ್ರ. ಅದಕ್ಕಾಗಿ ವರ್ಷವಿಡೀ ತಗ್ಗಿಸಿಡುವುದೇಕೆ?

ಎತ್ತಿನ ಗಾಡಿಯಲ್ಲಿಯೂ ಇದೇ ಪಾಠವಿದೆ. ದೊಡ್ಡ ಮರದ ಚಕ್ರ ಹೋಗಿ ಸಣ್ಣ ರಬ್ಬರ್ ಚಕ್ರ ಬಂದಾಗ ಗಾಡಿಯ ತಳ ತಾನಾಗಿ ಕೆಳಗಿಳಿಯಿತು. ಹೊಸದಾಗಿ ಕೊಳ್ಳುವವರು ತಳ ತಗ್ಗಾಗಿರುವ ಸಣ್ಣ ಚಕ್ರದ ಗಾಡಿಗಳನ್ನೂ ನೋಡಬಹುದು. 2005ರಲ್ಲಿ ಬಂದ ಟಾಟಾ ಏಸ್ ಅಂಥದ್ದು. ಆದರೆ ಮಳೆಗಾಲದ ಹೊಲದ ದಾರಿಗೆ ದೊಡ್ಡ ಚಕ್ರವೇ ಅನುಕೂಲ. ನಿಮ್ಮ ದಾರಿಯನ್ನು ನೋಡಿ ಆರಿಸಿರಿ.

ಗಮನದಲ್ಲಿಡಬೇಕಾದ ಅಂಶಗಳು

1. ಸಮತಟ್ಟಾದ ನೆಲದಲ್ಲಿ ಬರಿಗಾಡಿ ನಿಲ್ಲಿಸಿ, ಎರಡೂ ಬದಿಯಲ್ಲಿ ಎಕ್ಸಲ್ಲಿಗೂ ತಡೆ ರಬ್ಬರಿಗೂ ನಡುವಿನ ಅಂತರ ಅಳೆದು ಬರೆದಿಡಿರಿ. ಅನುಮತಿ ಇರುವಷ್ಟು ಭಾರ ತುಂಬಿ ಮತ್ತೆ ಅಳೆಯಿರಿ. ಅಂತರ ಉಳಿಯದಿದ್ದರೆ ಪ್ಲೇಟು ಕುಸಿದಿದೆ ಎಂದರ್ಥ.

2. ಕುಸಿದ ಪ್ಲೇಟುಗಳ ಬದಲು ತಯಾರಕರು ಹೇಳಿದ ಅಳತೆಯವನ್ನೇ, ಎರಡೂ ಬದಿಗೆ ಒಟ್ಟಿಗೆ ಹಾಕಿಸಿರಿ. ಒಂದೇ ಬದಿಗೆ ಹಾಕಿಸಿದರೆ ಗಾಡಿ ವಾಲುತ್ತದೆ.

3. ಪ್ಲೇಟು ಬಿಚ್ಚಿ ಕಟ್ಟಿದ ಮೇಲೆ ಸ್ವಲ್ಪ ದಿನ ಓಡಿಸಿ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿಸಿರಿ.

4. ಭಾರವಾದ ಚೀಲ, ಕಲ್ಲುಗಳನ್ನು ಹಿಂದಿನ ಚಕ್ರಕ್ಕಿಂತ ಮುಂದೆ ಇಡಿರಿ. ಚಕ್ರದ ಹಿಂದೆ ಹೇರಿದ ಭಾರ ಮುಂಭಾಗವನ್ನು ಎತ್ತಿ ಸ್ಟಿಯರಿಂಗಿನ ಹಿಡಿತ ಕೆಡಿಸುತ್ತದೆ.

5. ಹೊರೆಯ ಮೇಲೆ ಜನರನ್ನು ಕೂರಿಸಬೇಡಿರಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಗಾಡಿಗೂ ಸಲ್ಲುತ್ತದೆ. ಮುಂದಿನ ರಾಶಿಗೆ ಮುಂಚೆ ಒಂದು ಅಳತೆ ಟೇಪು ಹಿಡಿದು ನಿಮ್ಮ ಗಾಡಿಯ ಅಂತರ ಅಳೆಯಿರಿ, ಕಣದಲ್ಲಿ ಕಟ್ಟೆಗೆ ಜಾಗ ಗುರುತಿಸಿರಿ.