ಬೆಲ್ಟ್ ಕೊಳ್ಳೋ ಮೊದಲು ಹಾಲಿನ ಚೀಟಿ ಓದಿ



"ಹಸುವಿನ ಕುತ್ತಿಗೆಗೆ ಬೆಲ್ಟ್ ಕಟ್ಟಿದ್ರೆ ಅದರ ಆರೋಗ್ಯ ಮೊಬೈಲಿನಲ್ಲೇ ಕಾಣುತ್ತಂತೆ, ತಗೋಬಹುದಾ?" ಈಸೂರಿನ ಸುತ್ತಮುತ್ತ ಹಸು ಸಾಕಿರುವ ಹುಡುಗರು ಈಚೆಗೆ ನನ್ನ ಹತ್ತಿರ ಹೆಚ್ಚು ಕೇಳೋದು ಇದನ್ನೇ. ನಾನು ಓದಿದ್ದು ತೋಟಗಾರಿಕೆ, ಪಶುವೈದ್ಯನಲ್ಲ. ಆದರೆ ಸಾವಯವಕ್ಕೆ ಇಳಿದ ಮೇಲೆ ಸಗಣಿ, ಗಂಜಲ ಇಲ್ಲದೆ ನನ್ನ ತೋಟ ನಡೆಯಲ್ಲ. ಅದಕ್ಕೇ ಒಂದು ಹಸು ಕಳಕೊಂಡು ಕಲಿತ ಪಾಠವನ್ನು ಇವತ್ತು ಹೇಳ್ತೀನಿ.

ನಮ್ಮ ಕೊಟ್ಟಿಗೆಯಲ್ಲಿ ಎರಡು ಹಸು ಇದ್ವು. ಒಂದು ಮಲೆನಾಡು ಗಿಡ್ಡ, ಅದರ ಹಾಲು ಮನೆಗೆ. ಇನ್ನೊಂದು ಜರ್ಸಿ ಮಿಶ್ರತಳಿ ಗೌರಿ, ಅದರ ಹಾಲು ಡೇರಿಗೆ. ಒಂದು ಮಳೆಗಾಲದಲ್ಲಿ ಗೌರಿಯ ಬೆಳಗಿನ ಹಾಲು ಆರು ಲೀಟರಿಂದ ಐದಕ್ಕೆ ಬಂತು, ಮರುದಿನ ನಾಲ್ಕಕ್ಕೆ ಇಳೀತು. "ಮಳೆ ಹಿಡಿದಿದೆ, ಹುಲ್ಲು ಒದ್ದೆ" ಅಂದ್ಕೊಂಡ್ವಿ. ನಾಲ್ಕನೇ ದಿನ ಮೇವು ಬಿಟ್ಟಿತು. ಡಾಕ್ಟ್ರು ಬಂದು ನೋಡಿದಾಗ ಜ್ವರ 106 ಡಿಗ್ರಿ, ಭುಜದ ಮುಂದಿನ ಗಡ್ಡೆ ಊದಿತ್ತು. ರಕ್ತ ಪರೀಕ್ಷೆಯಲ್ಲಿ ಥೈಲೇರಿಯಾ ಅಂತ ಬಂತು. ಔಷಧಿ ಕೊಟ್ಟರೂ ಉಳೀಲಿಲ್ಲ.

"ಜ್ವರ ಯಾವತ್ತು ಶುರುವಾಯ್ತು?" ಅಂತ ಡಾಕ್ಟ್ರು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ನೋಡಿದ್ರೆ ಉತ್ತರ ಗೋಡೆಯ ತಂತಿಗೆ ಚುಚ್ಚಿಟ್ಟ ಡೇರಿ ಚೀಟಿಗಳಲ್ಲೇ ಇತ್ತು. ಆರು, ಐದು, ನಾಲ್ಕು. ಯಂತ್ರ ತೂಗಿ, ಅಚ್ಚು ಹಾಕಿ ಕೈಗೆ ಕೊಟ್ಟ ಲೆಕ್ಕವನ್ನು ನಾವು ಓದಿರಲಿಲ್ಲ, ಅಷ್ಟೇ.

ಬೆಲ್ಟ್ ಮಾಡೋದೇನು?

ನಿಮ್ಮ ಮೊಬೈಲಿನಲ್ಲಿ ಹೆಜ್ಜೆ ಎಣಿಸುವ, ಅಡ್ಡ ಹಿಡಿದರೆ ಸ್ಕ್ರೀನ್ ತಿರುಗಿಸುವ ಪುಟ್ಟ ಸೆನ್ಸರ್ ಇದೆಯಲ್ಲ, ಬೆಲ್ಟಿನಲ್ಲೂ ಮುಖ್ಯವಾಗಿ ಇರೋದು ಅದೇ. ಹಸು ಎಷ್ಟು ಓಡಾಡ್ತು, ಎಷ್ಟು ಹೊತ್ತು ಮಲಗಿತ್ತು, ಎಷ್ಟು ಹೊತ್ತು ಮೆಲುಕು ಹಾಕ್ತು ಅಂತ ಅದು ಅಳೆಯುತ್ತೆ. ಓಡಾಟ ಒಮ್ಮೆಲೇ ಜಾಸ್ತಿಯಾದ್ರೆ ಬೆದೆಗೆ ಬಂದಿರಬಹುದು. ಮೆಲುಕು ಕಡಿಮೆಯಾದ್ರೆ ಏನೋ ಹುಷಾರಿಲ್ಲ. ಬೆಂಗಳೂರಿನ ಸ್ಟೆಲ್ಲಾಪ್ಸ್ ಕಂಪನಿ ಇಂಥದ್ದನ್ನೇ ಹಸುವಿನ ಕಾಲಿಗೆ ಕಟ್ಟುವಂತೆ ಮಾಡಿದೆ.

ಗಮನಿಸಿ, ಬೆಲ್ಟ್ ರೋಗದ ಹೆಸರು ಹೇಳಲ್ಲ. "ಈ ಹಸು ಇವತ್ತು ನಿನ್ನೆಯ ಹಾಗಿಲ್ಲ" ಅಂತ ಮಾತ್ರ ಹೇಳುತ್ತೆ. ಅದನ್ನು ಹೇಳೋಕೆ ಅದಕ್ಕೂ ನಿನ್ನೆಯ, ಮೊನ್ನೆಯ ಲೆಕ್ಕ ಬೇಕು. ಐವತ್ತು ಹಸು ಇದ್ದವರಿಗೆ ಈ ಕೆಲಸಕ್ಕೆ ಯಂತ್ರ ಬೇಕೇ ಬೇಕು. ಎರಡು-ಮೂರು ಹಸು ಇರುವವರು ಇದನ್ನು ದಿನಕ್ಕೆ ಹತ್ತು ನಿಮಿಷದಲ್ಲಿ ಕೈಯಲ್ಲೇ ಮಾಡಬಹುದು.

ನಾನು ಈಗ ಮಾಡ್ತಿರೋದು

1. ಹಾಲಿನ ಲೆಕ್ಕ: ಪ್ರತಿ ಹಸುವಿನ ಹಾಲನ್ನು ಬೇರೆ ಬೇರೆ ಅಳೆದು ಮೊಬೈಲಿನಲ್ಲಿ ಬರೀತೀನಿ. ಚೀಟಿಯ ಫ್ಯಾಟ್, ಎಸ್‌ಎನ್‌ಎಫ್ ಕೂಡ. ಕಾರಣ ಇಲ್ಲದೆ ಹಾಲು ಐದರಲ್ಲಿ ಒಂದು ಪಾಲು ಇಳಿದರೆ ಅವತ್ತೇ ಜ್ವರ ನೋಡ್ತೀನಿ. ಎಸ್‌ಎನ್‌ಎಫ್ ಇಳಿದರೆ ಮೇವಿನ ಜೊತೆಗೆ ಕೆಚ್ಚಲನ್ನೂ ನೋಡ್ತೀನಿ. ಮೊದಲ ನಾಲ್ಕು ಧಾರೆ ಕಪ್ಪು ತಟ್ಟೆಗೆ ಕರೆದರೆ ಕೆಚ್ಚಲು ಬಾವಿನ ಗಟ್ಟಿ ಚೂರುಗಳು ಎದ್ದು ಕಾಣ್ತವೆ.

2. ಜ್ವರ: ಮೆಡಿಕಲ್ ಶಾಪಿನ ಡಿಜಿಟಲ್ ಥರ್ಮಾಮೀಟರ್ ಸಾಕು. ದನಕ್ಕೇ ಅಂತ ಬೇರೆ ಇಡಿ. ತುದಿಗೆ ಎಣ್ಣೆ ಸವರಿ ಗುದದ್ವಾರದೊಳಗೆ ಒಂದು ಬದಿಗೆ ತಾಗುವಂತೆ ಹಿಡಿದು, ಬೀಪ್ ಬರೋವರೆಗೆ ಕಾಯಿರಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ನೋಡಿದ್ರೆ ಲೆಕ್ಕ ಸರಿ ಸಿಗುತ್ತೆ. ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತೆ. 103 ದಾಟಿದರೆ ಫೋನ್ ಮಾಡಿ.

3. ಮೆಲುಕು: ಮೇದು ಮಲಗಿದಾಗ ಮೊಬೈಲಿನ ಸ್ಟಾಪ್‌ವಾಚ್ ಹಾಕಿ. ಒಂದು ಉಂಡೆಯನ್ನು ಹಸು ಸುಮಾರು 40ರಿಂದ 60 ಸಲ ಅಗಿಯುತ್ತೆ. ಅಗಿಯೋದು ತುಂಬಾ ಕಡಿಮೆಯಾದ್ರೆ, ಅಥವಾ ಮೆಲುಕೇ ನಿಂತಿದ್ರೆ, ಅದೇ ಮೊದಲ ಎಚ್ಚರಿಕೆ.

4. ಬೆದೆ: ಬೆದೆ ಕಂಡ ದಿನವೇ ಮೊಬೈಲ್ ಕ್ಯಾಲೆಂಡರಿನಲ್ಲಿ 18ನೇ ದಿನಕ್ಕೆ ಅಲಾರಂ ಇಡಿ. ಸುತ್ತು ಸರಾಸರಿ 21 ದಿನ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಕೊಡಿಸಿ. ಒಂದು ಬೆದೆ ತಪ್ಪಿದರೆ ಮೂರು ವಾರದ ಮೇವು, ಹಿಂಡಿ ಸುಮ್ಮನೆ ಖರ್ಚು.

5. ಉಣುಗು: ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ, ಬಾಲದ ಬುಡದಲ್ಲಿ ಟಾರ್ಚ್ ಬಿಟ್ಟು ನೋಡಿ. ಗೌರಿಗೆ ಬಂದ ಥೈಲೇರಿಯಾ ಹರಡೋದು ಉಣುಗಿನಿಂದಲೇ, ಮಿಶ್ರತಳಿಗೆ ಅದರ ಕಾಟ ಹೆಚ್ಚು. ನಮ್ಮ ಭಾಗದವರಿಗೆ ಇದು ದನದ ಮಾತಷ್ಟೇ ಅಲ್ಲ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದೇ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿಗೆ ಮೇಯಲು ಹೋದ ದನದ ಮೈಮೇಲೆ ಉಣುಗು ಮನೆವರೆಗೂ ಬರುತ್ತೆ. ಬರಿಗೈಯಲ್ಲಿ ಕೀಳಬೇಡಿ, ಹೊಸಕಬೇಡಿ.

ಫೋನನ್ನು ಸರಿಯಾಗಿ ಬಳಸಿ

ಹಸುವಿನ ಕಿವಿಯ ಹಳದಿ ಓಲೆಯಲ್ಲಿ 12 ಅಂಕಿಯ ಸಂಖ್ಯೆ ಇದೆ. ಅದರ ಫೋಟೋ ತೆಗೆದಿಡಿ. ಲಸಿಕೆ, ಗರ್ಭಧಾರಣೆಯ ದಾಖಲೆ, ವಿಮೆ ಎಲ್ಲಕ್ಕೂ ಅದು ಬೇಕು. ಹುಷಾರಿಲ್ಲದಾಗ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆ ಸಿಗುತ್ತೆ. ಬೆಂಗಳೂರಿನ ನಿವೇದಿ ಸಂಸ್ಥೆ ಯಾವ ಜಿಲ್ಲೆಯಲ್ಲಿ ಯಾವ ಜಾನುವಾರು ರೋಗ ಬರಬಹುದು ಅಂತ ಎರಡು ತಿಂಗಳು ಮೊದಲೇ ಮುನ್ಸೂಚನೆ ಕೊಡುತ್ತೆ, ಅದನ್ನೂ ನೋಡ್ತಾ ಇರಿ.

ಡಾಕ್ಟ್ರಿಗೆ "ಹಸು ಡಲ್ ಆಗಿದೆ" ಅಂತ ಮೆಸೇಜ್ ಹಾಕಿದ್ರೆ ಏನೂ ಗೊತ್ತಾಗಲ್ಲ. "ಎರಡು ದಿನದಿಂದ ಹಾಲು ಆರಿಂದ ನಾಲ್ಕು, ಇವತ್ತು ಬೆಳಿಗ್ಗೆ ಜ್ವರ 104, ಮೆಲುಕಿಲ್ಲ" ಅಂತ ಬರೆದು, ಹಸು ನಡೆಯುವ ಮತ್ತು ಉಸಿರಾಡುವ ಅರ್ಧ ನಿಮಿಷದ ವಿಡಿಯೋ ಕಳಿಸಿ. ಯಾವ ಔಷಧಿ ಹಿಡಕೊಂಡು ಹೊರಡಬೇಕು ಅನ್ನೋದು ಅವರಿಗೆ ಅಲ್ಲೇ ಅಂದಾಜಾಗುತ್ತೆ. ಯೂಟ್ಯೂಬ್ ನೋಡಿ ನೀವೇ ಇಂಜೆಕ್ಷನ್ ಕೊಡಬೇಡಿ. ಆ್ಯಂಟಿಬಯಾಟಿಕ್ ಕೊಟ್ಟ ಹಸುವಿನ ಹಾಲನ್ನು ಡಾಕ್ಟ್ರು ಹೇಳಿದಷ್ಟು ದಿನ ಡೇರಿಗೂ ಹಾಕಬೇಡಿ, ಮನೆಗೂ ಬಳಸಬೇಡಿ.

ಹಾಗಾದ್ರೆ ಬೆಲ್ಟ್ ಬೇಡ್ವಾ?

ಹತ್ತಕ್ಕಿಂತ ಹೆಚ್ಚು ಹಸು ಇದ್ರೆ, ಬೆದೆ ಪದೇ ಪದೇ ತಪ್ಪಿ ಹೋಗ್ತಿದ್ರೆ, ಹಗಲಿಡೀ ಕೊಟ್ಟಿಗೆಯಲ್ಲಿ ಯಾರೂ ಇರೋದಿಲ್ಲ ಅಂದ್ರೆ ಯೋಚಿಸಿ. ಕೊಳ್ಳುವ ಮೊದಲು ನಿಮ್ಮ ಕೊಟ್ಟಿಗೆಯಲ್ಲಿ ನೆಟ್‌ವರ್ಕ್ ಸಿಗುತ್ತಾ, ಬ್ಯಾಟರಿ ಎಷ್ಟು ದಿನ ಬರುತ್ತೆ, ಪ್ರತಿ ವರ್ಷ ಹಣ ಕಟ್ಟಬೇಕಾ, ಕೆಟ್ಟರೆ ರಿಪೇರಿಗೆ ಯಾರು ಬರ್ತಾರೆ, ಈ ನಾಲ್ಕನ್ನು ಕೇಳಿ.

ಈಗ ನಮ್ಮ ಮನೆಯಲ್ಲಿ ಅಮ್ಮ ಹಾಲು ಕರೆದು ಲೀಟರ್ ಕೂಗ್ತಾರೆ, ನಾನು ಮೊಬೈಲಿಗೆ ಹಾಕ್ತೀನಿ. ಹೋದ ತಿಂಗಳು ಗೌರಿಯ ಮಗಳ ಹಾಲು ಒಂದೂವರೆ ಲೀಟರ್ ಕಡಿಮೆ ಬಂತು. ಥರ್ಮಾಮೀಟರ್ ಇಟ್ಟರೆ 103.4. ಮಧ್ಯಾಹ್ನದೊಳಗೆ ಡಾಕ್ಟ್ರು ಬಂದ್ರು, ಮೂರನೇ ದಿನಕ್ಕೆ ಹಸು ಮೊದಲಿನಂತೆ ಮೇಯ್ತಾ ಇತ್ತು. ನೀವೂ ನಾಳೆ ಬೆಳಗಿನ ಹಾಲಿಂದಲೇ ಬರೆಯೋಕೆ ಶುರು ಮಾಡಿ.